‘ಇಲ್ಲ’ ಎಂಬ ಪದವಿಲ್ಲದ ಕಡತಗಳು

ವಿಶೇಷ ಶಿಕ್ಷಣದ ತರಬೇತಿಯಲ್ಲಿ ನಮಗೆ ಮಗುವಿನ ಮೆದುಳು, ಮಾಂಸಖಂಡ, ಮಾತು, ಮನಸ್ಸು ಎಲ್ಲದರ ಬಗ್ಗೆಯೂ ಪಾಠ ಹೇಳಿದರು. ಕಾಗದಕ್ಕೆ ತೂತು ಹೊಡೆಯುವ ಪಂಚಿಂಗ್ ಮಷೀನಿನ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಕೆಲಸಕ್ಕೆ ಸೇರಿದ ದಿನ ಮೊದಲು ನನ್ನ ಕೈಗೆ ಬಂದದ್ದು ಅದೇ. ಮಕ್ಕಳು ಬಂದದ್ದು ಮೂರನೆಯ ದಿನ. ಇಪ್ಪತ್ತನಾಲ್ಕು ವರ್ಷ ನಾನು ಮಕ್ಕಳಿಗೆ ಕಲಿಸಿದೆನೆಂದು ಬೀಳ್ಕೊಡುಗೆಯ ಭಾಷಣದಲ್ಲಿ ಹೇಳಿದರು. ಅದರಲ್ಲಿ ಅರ್ಧ ಕಾಲ ನಾನು ಕಲಿಸಿದ್ದು ಕಾಗದಗಳಿಗೆ: ಸಾಲಾಗಿ ನಿಲ್ಲಿ, ಕಳೆದುಹೋಗಬೇಡಿ, ಕರೆದಾಗ ಬನ್ನಿ. ಅವು ಕೊನೆಯವರೆಗೂ ಕಲಿಯಲಿಲ್ಲ.

ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರು ಯಾರೋ ಹೇಳಿದರೆಂದು ಮನೆಗೆ ಬರುತ್ತಾರೆ. “ಮಿಸ್, ಮಕ್ಕಳ ಫೈಲ್ಸ್ ಹೇಗೆ ಮೇಂಟೇನ್ ಮಾಡೋದು ಅಂತ ಸ್ವಲ್ಪ ಹೇಳ್ಕೊಡಿ” ಎನ್ನುತ್ತಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿ ಬರೆದಿಡುತ್ತಿದ್ದೇನೆ. ಧೈರ್ಯ ತುಂಬುವ ಉದ್ದೇಶವೇನೂ ಇಲ್ಲ.

ನಮ್ಮ ಶಾಲೆ ಇದ್ದದ್ದು ಜೆ.ಪಿ. ನಗರದ ಒಂದು ಹಳೆಯ ಬಾಡಿಗೆ ಮನೆಯಲ್ಲಿ. ಹಾಲಿನಲ್ಲಿ ಚಿಕ್ಕ ಮಕ್ಕಳು, ಎರಡು ರೂಮುಗಳಲ್ಲಿ ದೊಡ್ಡ ಮಕ್ಕಳು, ಅಡುಗೆಮನೆಯಲ್ಲಿ ಆಫೀಸು. ಕಡಪ ಕಲ್ಲಿನ ಶೆಲ್ಫಿನಲ್ಲಿ ಒಂದು ಕಾಲಕ್ಕೆ ಅಕ್ಕಿ ಬೇಳೆ ಡಬ್ಬಿಗಳಿದ್ದ ಜಾಗದಲ್ಲಿ ಕಡತಗಳು ಕೂತಿದ್ದವು. ಒಂದೊಂದು ಮಗುವಿಗೂ ಒಂದೊಂದು ಕಡತ. ಅದರೊಳಗೆ ಜನನ ಪ್ರಮಾಣಪತ್ರ, ಡಾಕ್ಟರ ವರದಿ, ಮನಶ್ಶಾಸ್ತ್ರಜ್ಞರ ವರದಿ, ಅಂಗವೈಕಲ್ಯದ ಪ್ರಮಾಣಪತ್ರ, ಆ ಮಗುವಿಗೆ ಆ ವರ್ಷ ಏನೇನು ಕಲಿಸುತ್ತೇವೆ ಎಂಬ ಯೋಜನೆ, ಮತ್ತು ವರ್ಷಕ್ಕೆ ಮೂರು ಸಲ ಬರೆಯುವ ಪ್ರಗತಿ ವರದಿ. ಪ್ರತಿ ವರದಿಯನ್ನೂ ತಂದೆಗೋ ತಾಯಿಗೋ ಓದಿ ಹೇಳಿ ಸಹಿ ಹಾಕಿಸಬೇಕು. ಈ ಎಲ್ಲ ಪದಾರ್ಥಗಳನ್ನೂ ಹದವಾಗಿ ಇಡುವವಳೇ ಉತ್ತಮ ಶಿಕ್ಷಕಿ ಎಂಬುದು ಆ ಅಡುಗೆಮನೆಯ ಧರ್ಮ.

ಮೊದಲ ವಾರ ನಾನು ಆ ಧರ್ಮಕ್ಕೆ ಅಪಚಾರ ಮಾಡಿದೆ. ಕಡತಗಳು ಅಸ್ತವ್ಯಸ್ತವಾಗಿವೆ ಎನ್ನಿಸಿ, ಭಾನುವಾರವೂ ಬಂದು ಕೂತು ಎಲ್ಲವನ್ನೂ ಬಿಚ್ಚಿದೆ. ಜನನ ಪ್ರಮಾಣಪತ್ರಗಳೆಲ್ಲ ಒಂದು ಫೈಲಿಗೆ, ಡಾಕ್ಟರ ವರದಿಗಳೆಲ್ಲ ಇನ್ನೊಂದಕ್ಕೆ, ಯೋಜನೆಗಳೆಲ್ಲ ಮತ್ತೊಂದಕ್ಕೆ. ಜಯನಗರ ನಾಲ್ಕನೇ ಬ್ಲಾಕಿನಿಂದ ಬಣ್ಣದ ಲೇಬಲ್ ತಂದು ಅಂಟಿಸಿದೆ. ನೋಡುವುದಕ್ಕೆ ಅಂದವಾಗಿತ್ತು. ಮಂಗಳವಾರ ಇಲಾಖೆಯಿಂದ ತಪಾಸಣೆಗೆ ಬಂದ ಅಧಿಕಾರಿ, “ಯಾವುದಾದ್ರೂ ಒಂದು ಮಗುವಿನ ಫೈಲ್ ಕೊಡಿ” ಎಂದರು. ನಾನು ಆರು ಫೈಲುಗಳನ್ನು ಎದೆಗವಚಿಕೊಂಡು ಹೋದೆ.

ನಮ್ಮ ಹೆಡ್ ಮೇಡಂ ಬಸವನಗುಡಿಯವರು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಇಸ್ತ್ರಿ ಮಾಡಿದಂಥದೇ ಮಾತು. ಅಧಿಕಾರಿ ಹೋಗುವ ತನಕ ಸುಮ್ಮನಿದ್ದು ಆಮೇಲೆ ಹೇಳಿದರು:

“ಲಲಿತಾ, ಮಕ್ಕಳನ್ನ ಹೆಚ್ಚಿ ಇಟ್ಟಿದ್ದೀರಲ್ರೀ. ಕೈ ಒಂದ್ಕಡೆ, ಕಾಲ್ ಒಂದ್ಕಡೆ.”

ಮತ್ತೆ ಜೋಡಿಸಲು ಒಂದು ತಿಂಗಳು ಹಿಡಿಯಿತು. ಆ ತಿಂಗಳು ನಾನು ಪಾಠ ಮಾಡಿದ ನೆನಪಿಲ್ಲ.

ಆಮೇಲಿನ ಪ್ರಮಾದಗಳು ಸಣ್ಣವು. ಮೂಲ ಪ್ರಮಾಣಪತ್ರವೊಂದಕ್ಕೆ ಪಂಚ್ ಹೊಡೆಯುವಾಗ ಮಗುವಿನ ಫೋಟೋದ ಹಣೆಗೇ ತೂತು ಬಿತ್ತು. ಇನ್ನೊಂದು ಸಲ, ಬೆವರಿಗೂ ಮಳೆಗೂ ಹಾಳಾಗದಿರಲಿ ಎಂದು ಹತ್ತು ಪ್ರಮಾಣಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಿದೆ. ಲ್ಯಾಮಿನೇಷನ್ ಮಾಡಿದ ಕಾಗದದ ಮೇಲೆ ಸೀಲು ಕೂರುವುದಿಲ್ಲ, ಅದಕ್ಕೇ ನವೀಕರಿಸುವುದಿಲ್ಲ ಎಂದು ಆಸ್ಪತ್ರೆಯ ಕೌಂಟರಿನಲ್ಲಿ ಹೇಳಿದರು. ಹತ್ತು ತಾಯಂದಿರು ಮತ್ತೆ ಮೊದಲಿನಿಂದ ಸಾಲಿನಲ್ಲಿ ನಿಂತರು. ನನ್ನ ಮುತುವರ್ಜಿಯಿಂದ ಆದಷ್ಟು ಕೆಡುಕು ನನ್ನ ಸೋಮಾರಿತನದಿಂದ ಆಗಿಲ್ಲ ಎಂದು ಬಹಳ ದಿನ ನಂಬಿದ್ದೆ. ಮುಂದೆ ಅದೂ ಸುಳ್ಳಾಯಿತು.

ಹೆಡ್ ಮೇಡಂ ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಪ್ರಗತಿ ವರದಿಯಲ್ಲಿ ‘ಇಲ್ಲ’ ಎಂದು ಬರೆಯಕೂಡದು. ಇದಕ್ಕೆ ಕಾರಣವಿತ್ತು. ಅವರು ಹೊಸದಾಗಿ ಸೇರಿದ್ದಾಗ ಒಂದು ವರದಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆದರಂತೆ. ಊಟ ಮಾಡುತ್ತದೆಯೇ, ಇಲ್ಲ. ಬಟ್ಟೆ ಹಾಕಿಕೊಳ್ಳುತ್ತದೆಯೇ, ಇಲ್ಲ. ಹೆಸರು ಹೇಳುತ್ತದೆಯೇ, ಇಲ್ಲ. ಪುಟ ಪೂರ್ತಿ. ಮಗುವಿನ ಅಜ್ಜ ಅದನ್ನು ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿ, “ಹಾಗಾದ್ರೆ ಇಲ್ಲಿಗ್ಯಾಕೆ ಕಳಿಸ್ಬೇಕು” ಎಂದು ಮಗುವನ್ನು ಕರೆದುಕೊಂಡು ಹೋದರು. ಮತ್ತೆ ಬರಲಿಲ್ಲ. “ಆ ಮಗು ಏನಾಯ್ತು ಅಂತ ನಂಗಿವತ್ತಿಗೂ ಗೊತ್ತಿಲ್ಲ ಲಲಿತಾ. ನೀವು ಮಾತ್ರ ಹಾಗ್ ಬರೀಬೇಡಿ.”

ಆದ್ದರಿಂದ ನಾವು ಒಂದು ಹೊಸ ಭಾಷೆ ಕಲಿತೆವು. ಮಗು ವಸ್ತುಗಳನ್ನು ಎಸೆದರೆ ‘ವಸ್ತುಗಳ ಚಲನೆಯಲ್ಲಿ ಆಸಕ್ತಿ ತೋರುತ್ತದೆ’. ಗೇಟು ತೆರೆದು ರಸ್ತೆಗೆ ಓಡಿದರೆ ‘ಪರಿಸರದ ಪರಿಚಯ ಬಯಸುತ್ತದೆ’. ನನ್ನ ಕೈ ಕಚ್ಚಿದ ಹುಡುಗನ ಬಗ್ಗೆ ‘ಶಿಕ್ಷಕಿಯೊಂದಿಗೆ ಸಂಪರ್ಕ ಸಾಧಿಸುತ್ತಿದ್ದಾನೆ’ ಎಂದು ಬರೆದು, ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಬಂದೆ. ಮಕ್ಕಳು ಮಾಡಲಾರದ ಎಲ್ಲವನ್ನೂ ‘ಸಹಾಯದೊಂದಿಗೆ ಮಾಡುತ್ತದೆ’ ಎಂದು ಬರೆಯುತ್ತಿದ್ದೆವು. ಅದು ಸುಳ್ಳೂ ಅಲ್ಲ. ಸಾಕಷ್ಟು ಸಹಾಯ ಕೊಟ್ಟರೆ ಗೋಡೆಯೂ ನಡೆಯುತ್ತದೆ.

ಕಂಪ್ಯೂಟರು ಬಂದ ಮೇಲೆ ಈ ಭಾಷೆಗೂ ಸಂಚಕಾರ ಬಂತು. ವರದಿ ಎಂದರೆ ನಲವತ್ತು ಸಾಲುಗಳ ಒಂದು ಪಟ್ಟಿಯಾಯಿತು. ಪ್ರತಿ ಸಾಲಿನ ಎದುರಿಗೆ ‘ಹೌದು’ ಅಥವಾ ‘ಇಲ್ಲ’, ಎರಡೇ. ‘ಸಹಾಯದೊಂದಿಗೆ’ ಎಂದು ಬರೆಯಲು ಜಾಗವಿರಲಿಲ್ಲ. ಮೇಡಂ ಒಂದು ನಿಮಿಷ ಯೋಚಿಸಿ, “ಹೌದು ಅಂತಾನೇ ಹಾಕಿ, ಏನೀಗ” ಎಂದರು. ಹಾಕಿದೆವು. ಮುಂದಿನ ಅವಧಿಗೆ ಅದನ್ನೇ ಕಾಪಿ ಮಾಡಿ ತಾರೀಖು ತಿದ್ದಿದೆವು. ಒಂದು ಸಲ ದೊಡ್ಡ ಹುಡುಗನ ಪಟ್ಟಿಯನ್ನು ಒಂಬತ್ತು ವರ್ಷದ ಹುಡುಗಿಯ ಹೆಸರಿಗೆ ಕಾಪಿ ಮಾಡಿ, ‘ಗಡ್ಡ ಬೋಳಿಸಿಕೊಳ್ಳುವುದು: ಹೌದು’ ಎಂಬ ಸಾಲು ಹಾಗೇ ಉಳಿಯಿತು. ಅವಳ ತಂದೆ ಓದಿ ನೋಡಿ, “ಇದು ಮುಂದಿನ ವರ್ಷದ ಪ್ಲಾನಾ ಮೇಡಂ?” ಎಂದು ಕೇಳಿ ಸಹಿ ಹಾಕಿದರು. ನಗಬೇಕೋ ಬೇಡವೋ ತಿಳಿಯದೆ ನಾವಿಬ್ಬರೂ ಸ್ವಲ್ಪ ಹೊತ್ತು ಗೋಡೆ ನೋಡಿದೆವು.

ಇಷ್ಟು ಹೊತ್ತು ಹೇಳಿದ್ದನ್ನೆಲ್ಲ ಹೊಸಬರು ನಕ್ಕು ಮರೆಯಬಹುದು. ಮರೆಯಬಾರದ್ದು ಚೈತ್ರಾಳ ಕಡತ.

ಚೈತ್ರಾ ಜರಗನಹಳ್ಳಿಯ ಹುಡುಗಿ. ಹುಟ್ಟುವಾಗ ಮೆದುಳಿಗೆ ಉಸಿರು ಸಾಲದೆ ಬಲಗೈ ಎದೆಗೆ ಮಡಚಿಕೊಂಡಿತ್ತು. ಎಡಗೈ ಹೇಳಿದ ಮಾತನ್ನು ಅರ್ಧ ಕೇಳುತ್ತಿತ್ತು. ಮಾತು ಎಳೆದೆಳೆದು ಬರುತ್ತಿತ್ತು, ಅಭ್ಯಾಸವಿದ್ದವರಿಗೆ ಮಾತ್ರ ತಿಳಿಯುತ್ತಿತ್ತು. ತಲೆ ಮಾತ್ರ ಕತ್ತಿ. ಐದು ವರ್ಷದವಳಾಗಿ ನಮ್ಮಲ್ಲಿಗೆ ಬಂದವಳು ಹದಿನಾರಕ್ಕೆ ಹತ್ತನೇ ತರಗತಿಯ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಲು ತಯಾರಾಗಿದ್ದಳು. ನಮ್ಮ ಶಾಲೆಯಿಂದ ಆ ಪರೀಕ್ಷೆಯವರೆಗೆ ಹೋದವರು ಅವಳ ಮುಂಚೆ ಯಾರೂ ಇರಲಿಲ್ಲ. ಉತ್ತರಗಳೆಲ್ಲ ಬಾಯಲ್ಲಿದ್ದವು. ಬರೆಯುವುದಕ್ಕೆ ಕೂತರೆ ಒಂದು ಸಾಲಿಗೆ ಕಾಲು ಗಂಟೆ. ಅವಳು ಹೇಳಿದ್ದನ್ನು ಪಕ್ಕದಲ್ಲಿ ಕೂತು ಬರೆದುಕೊಡುವ ಒಬ್ಬರು ಬೇಕು. ಪರೀಕ್ಷಾ ಮಂಡಳಿ ಕೊಡುತ್ತದೆ, ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇಕಡಾ ನಲವತ್ತಕ್ಕೆ ಕಡಿಮೆ ಇರಬಾರದು. ಅವಳದು ಐವತ್ತು ಎಂದಿತ್ತು. ಆದರೆ ಚಿಕ್ಕವಳಿದ್ದಾಗ ಕೊಟ್ಟ ತಾತ್ಕಾಲಿಕ ಪ್ರಮಾಣಪತ್ರ ಅದು; ಆ ವರ್ಷ ಮತ್ತೆ ತೋರಿಸಿ ಹೊಸದು ಮಾಡಿಸಬೇಕಿತ್ತು.

ಅವಳ ತಾಯಿ ಗಿರಿಜಮ್ಮ ಕರೆದುಕೊಂಡು ಹೋದರು. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಬಾಡಿಗೆ ಮನೆಗಳಿರುವ ಕುಟುಂಬ. ಆದರೂ ಮಗಳನ್ನು ಹನ್ನೊಂದು ವರ್ಷ ಸ್ವತಃ ಬಸ್ಸಿನಲ್ಲಿ ಕರೆತಂದ ಹೆಂಗಸು. ಆಸ್ಪತ್ರೆಯಲ್ಲಿ ಡಾಕ್ಟರು, “ಹೆಸರು ಬರಿಯಮ್ಮ” ಎಂದರಂತೆ. ಹೆಸರು ಬರೆಯುವುದನ್ನು ನಾನೇ ಆರು ವರ್ಷ ಅಭ್ಯಾಸ ಮಾಡಿಸಿದ್ದೆ. ಅದೊಂದನ್ನು ಅವಳು ಮುತ್ತಿನಂತೆ ಬರೆಯುತ್ತಿದ್ದಳು, ಬರೆದಳು. ಶಾಲೆಯ ವರದಿ ಕೇಳಿದರು, ಗಿರಿಜಮ್ಮ ಹೆಮ್ಮೆಯಿಂದ ತೆಗೆದುಕೊಟ್ಟರು. ‘ಸ್ವತಂತ್ರವಾಗಿ ಬರೆಯುವುದು: ಹೌದು. ಸ್ವತಂತ್ರವಾಗಿ ಊಟ: ಹೌದು. ಗುಂಡಿ ಹಾಕಿಕೊಳ್ಳುವುದು: ಹೌದು.’ ನಲವತ್ತು ಹೌದು. ಕೆಳಗೆ ನನ್ನ ಸಹಿ. ಡಾಕ್ಟರಿಗೆ ಸಂತೋಷವಾಯಿತು. ಮೂವತ್ತೈದು ಎಂದು ಬರೆದರು.

ಮರುದಿನ ಗಿರಿಜಮ್ಮ ಆಫೀಸಿನ ಬಾಗಿಲಲ್ಲಿ ನಿಂತಿದ್ದರು.

“ಮಿಸ್ಸು, ಇದ್ರಲ್ಲಿ ಎಲ್ಲಾ ಮಾಡ್ತಾಳೆ ಅಂತ ಐತಲ್ಲ, ಹಂಗಾಗಿ ಬರ್ಯೋರ್ನ ಕೊಡಕ್ಕಾಗಲ್ಲ ಅಂತವ್ರೆ.”

“ನೋಡೋಣ ಗಿರಿಜಮ್ಮ, ಏನಾದ್ರೂ ಮಾಡೋಣ.”

“ನೀವು ಬರ್ದಿದ್ದು ನಿಜಾನೇ ಅಲ್ವಾ ಮಿಸ್ಸು? ನಮ್ಮತ್ತೆಗೆ ಪ್ರತಿ ಸಲ ಓದಿ ಹೇಳಿದ್ದೀನಿ.”

ನಾನು ಫ್ಯಾನ್ ಹಾಕಿದೆ.

ಮೇಡಂ ಹತ್ತಿರ ಹೋಗಿ, ನಮ್ಮ ವರದಿಗಳು ತಪ್ಪೆಂದು ಒಂದು ಪತ್ರ ಕೊಡೋಣ ಎಂದೆ.

“ಎಷ್ಟು ವರ್ಷದ್ದು ತಪ್ಪು ಅಂತ ಬರೀತೀರಿ?” ಎಂದರು.

“ಒಂದು ಹತ್ತು.”

“ಹತ್ತು ವರ್ಷ ಸುಳ್ಳು ಬರೆದ್ವಿ ಅಂತ ನಮ್ಮ ಲೆಟರ್‌ಹೆಡ್ಡಲ್ಲೇ ಬರೆದುಕೊಟ್ರೆ, ನಾಳೆ ಉಳಿದ ಐವತ್ತು ಮಕ್ಕಳ ಕಾಗದ ಯಾರು ನಂಬ್ತಾರ್ರೀ?”

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆ ಕೆಲಸದಲ್ಲಿ ನನ್ನ ಮೇಲಿನವರು ತಪ್ಪು ಹೇಳಿದ್ದು ಕಡಿಮೆ. ನಮ್ಮ ದುಃಖಗಳೆಲ್ಲ ಸರಿಯಾದ ಮಾತುಗಳಿಂದಲೇ ಬಂದವು. ಕೊನೆಗೆ ಅವರೇ ದಾರಿ ಹುಡುಕಿದರು. ಹಳೆಯದರ ಸುದ್ದಿ ಬೇಡ. ‘ಪುನರ್ಮೌಲ್ಯಮಾಪನ’ ಎಂಬ ತಲೆಬರಹದಲ್ಲಿ ಹೊಸ ತಾರೀಖಿನ ಒಂದು ವರದಿ ಮಾಡುವುದು, ಅದನ್ನು ಹಿಡಿದು ಮೇಲ್ಮನವಿ ಹಾಕುವುದು. ಪರೀಕ್ಷೆಯ ಅರ್ಜಿಗೆ ಹನ್ನೆರಡು ದಿನ ಬಾಕಿ ಇತ್ತು.

ಈಗ ನನ್ನ ತಪ್ಪು ಹೇಳಬೇಕು. ಹೊಸ ವರದಿ ಎಂದರೆ ಮಗುವಿನ ಪಕ್ಕದಲ್ಲಿ ಕೂತು, ನಲವತ್ತು ಕೆಲಸಗಳನ್ನೂ ಮಾಡಿಸಿ ನೋಡಿ ಬರೆಯಬೇಕು. ಎರಡು ದಿನದ ಕೆಲಸ. ನಾನು ಕಂಪ್ಯೂಟರಿನ ಮುಂದೆ ಕೂತು, ಮೊದಲ ಸಾಲಿನ ‘ಹೌದು’ ಅಳಿಸಿ ‘ಇಲ್ಲ’ ಎಂದು ಹಾಕಿ, ಆ ಚೌಕದ ಮೂಲೆ ಹಿಡಿದು ಕೆಳಕ್ಕೆ ಎಳೆದೆ. ನಲವತ್ತೂ ‘ಇಲ್ಲ’ ಆದವು. ಮೂರು ಸೆಕೆಂಡು. ಇಷ್ಟು ವರ್ಷ ನೋಡದೆ ಹೌದು ಎಂದವಳು, ನೋಡದೆ ಇಲ್ಲ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು?

ವರದಿಯನ್ನು ತಾಯಿಗೆ ಓದಿ ಹೇಳಿ ಸಹಿ ಹಾಕಿಸಬೇಕಲ್ಲ. ಗಿರಿಜಮ್ಮ ಬಂದರು. ಚೈತ್ರಾಳನ್ನು ಹೊರಗೆ ಕೂರಿಸಿ ಎನ್ನುವಷ್ಟು ಬುದ್ಧಿ ನನಗಿರಲಿಲ್ಲ. ಅವಳು ತಾಯಿಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ನಾನು ಓದಿದೆ.

ಬರೆಯುವುದು, ಇಲ್ಲ. ಚೈತ್ರಾ ತಲೆಯಾಡಿಸಿದಳು. ಚೆಲ್ಲದೆ ಊಟ ಮಾಡುವುದು, ಇಲ್ಲ. ತಲೆಯಾಡಿಸಿದಳು. ಗುಂಡಿ, ಇಲ್ಲ. ಚಪ್ಪಲಿಯ ಬಕಲ್, ಇಲ್ಲ. ಸಾಕ್ಷಿ ಹೇಳುವವಳ ಹಾಗೆ ಒಂದೊಂದಕ್ಕೂ ಒಪ್ಪುತ್ತಿದ್ದಳು. ಗಿರಿಜಮ್ಮ ಸೆರಗಿನ ಅಂಚು ಮಡಚುತ್ತಾ ಬಿಚ್ಚುತ್ತಾ ಇದ್ದರು. ಇಪ್ಪತ್ತೇಳನೆಯ ಸಾಲು ಬಂತು.

“ಜಡೆ ಹಾಕಿಕೊಳ್ಳುವುದು, ಇಲ್ಲ.”

ಚೈತ್ರಾ ತಲೆಯಾಡಿಸಲಿಲ್ಲ. “ಹಾ… ಕ್ಕೋ… ತೀನಿ” ಎಂದಳು.

ನಾನು ಗಿರಿಜಮ್ಮನ ಮುಖ ನೋಡಿದೆ.

“ಹೂ ಮಿಸ್ಸು. ದಸರಾದಿಂದ ಅವ್ಳೇ ಹಾಕ್ಕತಾಳೆ. ನನ್ನ ಮುಟ್ಟಕ್ ಬಿಡಲ್ಲ. ಕೂದ್ಲು ಮುಂದಕ್ ಹಾಕ್ಕಂಡು, ಒಂದ್ ಎಳೆ ಹಲ್ಲಲ್ ಕಚ್ಕಂಡು, ಇನ್ನೊಂದು ಈ ಮಡ್ಚಿರೋ ಕೈಯಾಗೆ ಒತ್ಕಂಡು, ಹೆಂಗೋ ಹೆಣೀತಾಳೆ. ಮುಕ್ಕಾಲು ಗಂಟೆ ಆಯ್ತದೆ. ದಿನಾ ಬಸ್ಸು ತಪ್ತದೆ.”

ನಾನು ಆ ಜಡೆಯನ್ನು ದಿನವೂ ನೋಡಿದ್ದೆ. ಎಡಭುಜದ ಮೇಲೆ ಬರುತ್ತಿದ್ದ, ಅಲ್ಲಲ್ಲಿ ಉಬ್ಬಿದ ಸೊಟ್ಟ ಜಡೆ. ಪಾಪ, ತಾಯಿಗೆ ಬೆಳಗಿನ ಹೊತ್ತು ಪುರಸೊತ್ತಿಲ್ಲ ಎಂದುಕೊಂಡಿದ್ದೆ. ಹನ್ನೊಂದು ವರ್ಷದ ಕಡತದಲ್ಲಿ ಅವಳು ಯಾರ ಸಹಾಯವೂ ಇಲ್ಲದೆ, ಯಾರ ಯೋಜನೆಯೂ ಇಲ್ಲದೆ ಕಲಿತದ್ದು ಅದೊಂದೇ.

“ಇದೊಂದನ್ನ ಹೌದು ಅಂತ ಮಾಡ್ತೀನಿ” ಎಂದು ಪೆನ್ನು ತೆಗೆದೆ.

ಗಿರಿಜಮ್ಮ ನನ್ನ ಕೈ ಹಿಡಿದರು. ಜೋರಾಗಿಯೇ.

“ಬ್ಯಾಡ ಮಿಸ್ಸು. ಜಡೆ ಹೆಣ್ಯೋ ಕೈಗೆ ಪೆನ್ ಹಿಡ್ಯಕ್ಕಾಗಲ್ವಾ ಅಂತಾರೆ. ಏನ್ ಹೇಳ್ಲಿ ನಾನು?”

ಮುಕ್ಕಾಲು ಗಂಟೆ ಎಂದು ಬರೆಯಲು ಆ ಪಟ್ಟಿಯಲ್ಲಿ ಜಾಗವಿಲ್ಲ. ಹೌದು, ಇಲ್ಲ, ಎರಡೇ.

“ಇಲ್ಲ ಅಂತಾನೇ ಇರ್ಲಿ” ಎಂದು ಗಿರಿಜಮ್ಮ ಮಗಳ ಕಡೆ ತಿರುಗಿ, “ಪರೀಕ್ಷೆ ಬರೀಬೇಕಲ್ಲವ್ವಾ” ಎಂದರು.

ನಾನು ಉಳಿದ ಹದಿಮೂರು ಸಾಲು ಓದಿದೆ. ಚೈತ್ರಾ ಮತ್ತೆ ತಲೆಯಾಡಿಸಲಿಲ್ಲ. ಗಿರಿಜಮ್ಮ ಸಹಿ ಹಾಕಿದರು.

ಆಸ್ಪತ್ರೆಗೆ ಈ ಸಲ ನಾನೂ ಹೋದೆ. ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಸಿಕ್ಕಾಗ ಚೈತ್ರಾಳ ಕೂದಲು ಬಿಚ್ಚಿತ್ತು, ಬಾಚಿಯೂ ಇರಲಿಲ್ಲ. “ಇವತ್ತೊಂದಿನ ಬ್ಯಾಡ ಅಂದೆ” ಎಂದರು ಗಿರಿಜಮ್ಮ, ನಾನು ಕೇಳದಿದ್ದರೂ. ಹೆಸರು ಬರಿ ಅಂದರೆ ಬೇಗ ಬೇಗ ಬರಿ, ಚೆನ್ನಾಗಿ ಬರೀಬೇಡ ಎಂದು ಬಸ್ಸಿನಲ್ಲಿ ಅವಳಿಗೆ ಹೇಳಿಕೊಟ್ಟವಳು ನಾನು. ವಿಶೇಷ ಶಿಕ್ಷಣದಲ್ಲಿ ನಾನು ಕೊಟ್ಟ ಪಾಠಗಳಲ್ಲಿ ಇದೊಂದನ್ನು ಮಗು ಒಂದೇ ಸಲಕ್ಕೆ ಕಲಿಯಿತು.

ಈ ಸಲದ ಡಾಕ್ಟರು ವಯಸ್ಸಾದವರು, ನಿಧಾನದವರು. ಅವಳ ಎರಡು ಕೈಯನ್ನೂ ಹಿಡಿದು, ಮಡಚಿ, ಬಿಡಿಸಿ ನೋಡಿದರು. ಒಂದು ವಾಕ್ಯ ಬರೆಸಿದರು, ಗಡಿಯಾರ ನೋಡಿದರು. ಶಾಲೆಯ ವರದಿಯನ್ನು ಬೆರಳಿಟ್ಟು ಓದಿದರು. ಇವರು ಮೊದಲ ಸಲವೇ ಸಿಕ್ಕಿದ್ದರೆ ಯಾವ ವರದಿಯೂ ಬೇಕಿರಲಿಲ್ಲ ಎಂದು ನನಗೆ ಆಗ ಅನ್ನಿಸಿತು, ಅನ್ನಿಸಿ ಪ್ರಯೋಜನವಿರಲಿಲ್ಲ. ಎಲ್ಲ ಮುಗಿಸಿ, ಸಹಿ ಹಾಕುವ ಮುಂಚೆ, ಸುಮ್ಮನೆ ಮಾತಿಗೆ ಎನ್ನುವಂತೆ ಕೇಳಿದರು.

“ಇಷ್ಟುದ್ದ ಕೂದಲು, ದಿನಾ ಯಾರಮ್ಮಾ ಜಡೆ ಹಾಕೋದು?”

ಚೈತ್ರಾ ತಾಯಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ಸ್ವಲ್ಪ ಜಾಸ್ತಿ ಹೊತ್ತು.

“ಅಮ್ಮ” ಎಂದಳು. ಆ ಪದ ಮಾತ್ರ ಅವಳ ಬಾಯಲ್ಲಿ ಎಂದೂ ತೊದಲುತ್ತಿರಲಿಲ್ಲ.

ಶೇಕಡಾ ಐವತ್ತೈದು. ‘ಶಾಶ್ವತ’ ಎಂದು ಸೀಲು ಬಿತ್ತು. ಇನ್ನು ಜೀವಮಾನದಲ್ಲಿ ಮತ್ತೆ ತೋರಿಸಬೇಕಾಗಿಲ್ಲ. ಅವಳು ಹೇಳಿದ್ದನ್ನು ಬರೆಯಲು ಒಬ್ಬರು ಸಿಕ್ಕರು, ಪರೀಕ್ಷೆ ಪಾಸಾದಳು. ಶಾಲೆಯಲ್ಲಿ ಸಿಹಿ ಹಂಚಿದೆವು. ಇದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನನ್ನ ನೆನಪಿನಲ್ಲಿ ಉಳಿದಿರುವುದು ಆ ಸಿಹಿಯಲ್ಲ, ಆಸ್ಪತ್ರೆಯ ಕಾರಿಡಾರು.

ಕಾಗದ ಕೈಗೆ ಬಂದ ಮೇಲೆ ನಾವು ಮೂವರೂ ಹೊರಗೆ ಬೆಂಚಿನ ಮೇಲೆ ಕೂತೆವು. ಗಿರಿಜಮ್ಮ ಚೀಲದಿಂದ ಬಾಚಣಿಗೆ, ರಬ್ಬರ್ ಬ್ಯಾಂಡು ತೆಗೆದು ಮಗಳ ತೊಡೆಯ ಮೇಲಿಟ್ಟರು. ಅವರ ಮುಖದಲ್ಲಿ ಇಷ್ಟು ದಿನದ ನಂತರ ನಗು ಬಂದಿತ್ತು.

“ಮುಗೀತಲ್ಲ. ತಗಾ, ಈಗ ಹಾಕ್ಕೊ. ಎಷ್ಟೊತ್ತಾದ್ರೂ ಆಗ್ಲಿ, ಕೂತಿರ್ತೀವಿ.”

ಚೈತ್ರಾ ಬಾಚಣಿಗೆಯನ್ನು ಎಡಗೈಯಲ್ಲಿ ತೆಗೆದುಕೊಂಡು ಸ್ವಲ್ಪ ಹೊತ್ತು ಹಿಡಿದಿದ್ದಳು. ಆಮೇಲೆ ಅದನ್ನು ತಾಯಿಯ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ಕೂತಳು.

“ನೀ… ನೇ ಹಾಕು.”

“ಯಾಕವ್ವಾ?”

ಗಿರಿಜಮ್ಮ ಎರಡು ನಿಮಿಷದಲ್ಲಿ ಹೆಣೆದು ಮುಗಿಸಿದರು. ನೇರವಾದ, ಬಿಗಿಯಾದ ಜಡೆ, ಬೆನ್ನ ನಡುವೆ. ನಾನು ಕಡತ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದೆ.

ಆ ಅವಧಿಯ ಪ್ರಗತಿ ವರದಿ ಬರೆಯುವ ಹೊತ್ತಿಗೆ ನಾನು ಯಾವುದನ್ನೂ ಕಾಪಿ ಮಾಡಲಿಲ್ಲ. ಒಂದು ವಾರ ಬೆಳಿಗ್ಗೆ ಬೇಗ ಹೋಗಿ ಗೇಟಿನ ಹತ್ತಿರ ನಿಂತೆ. ತಾಯಿ ಮಗಳು ದಿನವೂ ಸರಿಯಾದ ಬಸ್ಸಿಗೇ ಬಂದರು. ದಿನವೂ ಜಡೆ ನೇರವಾಗಿತ್ತು. ಶುಕ್ರವಾರ ಗಿರಿಜಮ್ಮನನ್ನು ಕೇಳಿದೆ. ಆವತ್ತಿನಿಂದ ಅವಳು ಜಡೆ ಮುಟ್ಟಿಲ್ಲ ಮಿಸ್ಸು ಎಂದರು. ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತು ಇಪ್ಪತ್ತೇಳನೆಯ ಸಾಲಿನ ಎದುರಿಗೆ ‘ಇಲ್ಲ’ ಎಂದು ಹಾಕಿದೆ. ಆ ಸಲ ನೋಡಿಯೇ ಬರೆದೆ.